‘ರಕ್ತವಿವಾಹ’ವೂ ಪ್ರೇಕ್ಷಕರ ಕಣ್ಣೀರೂ

ನಮ್ಮ ನಾಡಿನ ಮದುವೆಯ ಮನೆಯಲ್ಲಿ ಅಳುವುದಕ್ಕೂ ಒಂದು ಮುಹೂರ್ತವುಂಟು. ಧಾರೆಯಾಗಿ, ಊಟೋಪಚಾರಗಳು ಮುಗಿದು, ಗಂಡಿನ ಕಡೆಯವರು ಹೊರಡಲು ಅಣಿಯಾಗುವ ಹೊತ್ತಿಗೆ ಹೆಣ್ಣೊಪ್ಪಿಸುವ ಶಾಸ್ತ್ರ ನಡೆಯುತ್ತದೆ. ಹೆತ್ತವಳು ಮಗಳ ಕೈಯನ್ನು ಬೀಗಿತಿಯ ಕೈಯಲ್ಲಿಟ್ಟು, ತಪ್ಪು ಮಾಡಿದರೆ ತಿದ್ದಿ ನಡೆಸಿಕೊಳ್ಳಿರೆಂದು ಹೇಳಹೋಗಿ, ಅರ್ಧಕ್ಕೇ ಗದ್ಗದಿತಳಾಗುವಳು. ಸೋಬಾನೆ ಹಾಡುತ್ತಿದ್ದ ಮುತ್ತೈದೆಯರ ಕೊರಳು ಕಟ್ಟುವುದು. ಬೆಳಗಿನಿಂದ ಮರ್ಯಾದೆ ಸಾಲದೆಂದು ಮುಖ ಗಂಟಿಕ್ಕಿಕೊಂಡಿದ್ದ ಬೀಗರೂ ಆ ಗಳಿಗೆಯಲ್ಲಿ ಶಲ್ಯದ ತುದಿಯಿಂದ ಕಣ್ಣೊರಸಿಕೊಳ್ಳುವರು. ಈ ಅಳು ಯಾರಿಗೂ ಅಪಮಾನಕರವಲ್ಲ, ಅಳದಿದ್ದವರೇ ಕಲ್ಲೆದೆಯವರೆನಿಸಿಕೊಳ್ಳುವರು. ಆದರೆ ಮದುವೆಯ ಮನೆಗೆ ಇನ್ನೊಂದು ಬಗೆಯ ಅಳುವೂ ಬರುವುದುಂಟು. ಅದಕ್ಕೆ ಮುಹೂರ್ತವಿಲ್ಲ, ಶಾಸ್ತ್ರವಿಲ್ಲ, ಹಾಡಿಲ್ಲ. ಚಪ್ಪರದ ತೋರಣ ಬಾಡುವ ಮುನ್ನವೇ ಹೆಣ ಬಿದ್ದ ಮನೆಯಲ್ಲಿ ಯಾರು ಯಾರಿಗಾಗಿ ಅಳಬೇಕು, ಅಳುವ ಹಕ್ಕು ಯಾರಿಗುಂಟು ಎಂಬುದನ್ನು ಯಾವ ಪುರೋಹಿತನೂ ಹೇಳಿಕೊಡಲಾರನು.

ಸ್ಪೇನ್ ದೇಶದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಬರೆದ ‘ರಕ್ತವಿವಾಹ’ದ ವಸ್ತುವು ಈ ಎರಡನೆಯ ಬಗೆಯ ಅಳುವಾಗಿದೆ. ಮೂರಂಕ, ಏಳು ದೃಶ್ಯಗಳ ಸಣ್ಣ ನಾಟಕವದು. ಒಂದು ಸಂಜೆಯಲ್ಲಿ ಆಡಿ ಮುಗಿಸಬಹುದು. ೧೯೩೩ನೆಯ ಇಸವಿ ಮಾರ್ಚ್ ೮ರಂದು ಮಾಡ್ರಿಡ್ ನಗರದ ಬೆಯಾತ್ರಿಸ್ ನಾಟಕಶಾಲೆಯಲ್ಲಿ ಅದರ ಪ್ರಥಮ ಪ್ರಯೋಗವಾಯಿತು. ಅಂದಿನಿಂದೀಚೆಗೆ ಅದನ್ನು ನೋಡಿ ಅತ್ತವರಿದ್ದಾರೆ, ನಕ್ಕವರಿದ್ದಾರೆ, ಅದರ ಮಾತೆತ್ತದೆ ಬಾಯಿ ಬಿಗಿಹಿಡಿದವರೂ ಇದ್ದಾರೆ. ಈ ಮೂರು ಬಗೆಯವರ ಸಂಗತಿಯನ್ನು ಇಲ್ಲಿ ವಾಚಕರ ಮುಂದಿಡಬೇಕೆಂದಿದ್ದೇವೆ. ನಾಟಕದ ಗುಣದೋಷ ವಿಮರ್ಶೆಯು ನಮಗೆ ಎರಡನೆಯ ಮಾತು.

ಕಥೆ ಬಲ್ಲವರು ಕ್ಷಮಿಸಬೇಕು. ಅರಿಯದವರಿಗಾಗಿ ಅದನ್ನು ಹೇಳಲೇಬೇಕಾಗಿದೆ. ಮನೆತನದ ಹಗೆಯಲ್ಲಿ ಗಂಡನನ್ನೂ ಹಿರಿಯ ಮಗನನ್ನೂ ಚೂರಿಯ ಬಾಯಿಗೆ ಕಳೆದುಕೊಂಡ ವಿಧವೆಯೊಬ್ಬಳು. ಉಳಿದವನು ಒಬ್ಬನೇ ಮಗ. ಅವನು ತೋಟಕ್ಕೆ ಹೊರಡುವಾಗ ದ್ರಾಕ್ಷಿ ಕೊಯ್ಯಲು ಒಂದು ಚಾಕು ಕೇಳಿದರೂ ಆಕೆಯ ಎದೆ ನಡುಗುವುದು. ಚಾಕು ಕಂಡುಹಿಡಿದವನನ್ನೇ ಶಪಿಸುವಳು. ಮಗನಿಗೆ ಹೆಣ್ಣು ಗೊತ್ತಾಗಿದೆ. ನೀರಿಲ್ಲದ ಬೆಂಗಾಡಿನ ನಡುವೆ ತಂದೆಯೊಡನೆ ವಾಸಿಸುವ ಹುಡುಗಿ, ಕಷ್ಟಜೀವಿ, ಗೃಹಕೃತ್ಯದಲ್ಲಿ ನಿಪುಣೆ. ಆದರೆ ಆಕೆಯನ್ನು ಹಿಂದೆ ಲೆಯೊನಾರ್ದೊ ಎಂಬೊಬ್ಬನು ಒಲಿದಿದ್ದನು. ಅವನು ಆ ಹಗೆಯ ಮನೆತನಕ್ಕೇ ಸೇರಿದವನು. ಈಗ ಆಕೆಯ ಸೋದರ ಸಂಬಂಧಿಯನ್ನೇ ಮದುವೆಯಾಗಿ ಕೈಗೂಸಿನ ತಂದೆಯಾಗಿದ್ದಾನೆ. ನಾಟಕದಲ್ಲಿ ಹೆಸರುಳ್ಳ ಪಾತ್ರ ಇವನೊಬ್ಬನೇ. ಉಳಿದವರೆಲ್ಲ ತಾಯಿ, ವಧು, ವರ, ತಂದೆ, ಹೆಂಡತಿ, ನೆರೆಯವಳು. ರಾತ್ರಿ ಹೊತ್ತು ಅವನ ಕುದುರೆ ಬೆವರಿಳಿಸಿಕೊಂಡು ಮನೆಗೆ ಬರುವುದೇಕೆಂದು ಅವನ ಹೆಂಡತಿಗೆ ಗೊತ್ತು. ಕೇಳುವ ಧೈರ್ಯ ಅರ್ಧ, ಕೇಳದಿರುವ ಸಂಕಟ ಪೂರ್ತಿ.

ಮದುವೆಯ ದಿನ ಬೆಳಗಾಗುವ ಮುಂಚೆ ಹುಡುಗಿಯರು ವಧುವನ್ನೆಬ್ಬಿಸುವ ಹಾಡು ಹೇಳುತ್ತ ಬರುತ್ತಾರೆ. ಸೋಬಾನೆ ಕೇಳಿ ಬೆಳೆದ ಕಿವಿಗೆ ಆ ದೃಶ್ಯವು ಪರದೇಶದ್ದೆಂದು ಅನಿಸುವುದೇ ಇಲ್ಲ. ಕಿತ್ತಿಳೆಯ ಹೂವಿನ ಮುಡಿ, ನೆಂಟರ ಗಲಭೆ, ಹಿರಿಯರ ಜಮೀನಿನ ಲೆಕ್ಕಾಚಾರ, ಹುಟ್ಟಬೇಕಾದ ಮೊಮ್ಮಕ್ಕಳ ಎಣಿಕೆ ಎಲ್ಲವೂ ಅಲ್ಲಿವೆ. ಚರ್ಚಿನಿಂದ ಹಿಂದಿರುಗಿದ ಮೇಲೆ ವಧುವು ಆಯಾಸವಾಗಿದೆ, ತುಸು ಮಲಗುವೆನೆಂದು ಒಳಗೆ ಹೋಗುತ್ತಾಳೆ. ಕುಣಿತ ನಡೆದಿರುವಾಗಲೇ ಲೆಯೊನಾರ್ದೊನ ಹೆಂಡತಿ ಓಡಿಬಂದು, ಅವರಿಬ್ಬರೂ ಒಂದೇ ಕುದುರೆಯ ಮೇಲೆ ಹೊರಟುಹೋದರೆಂದು ಕೂಗಿಕೊಳ್ಳುತ್ತಾಳೆ. ಆಗ ಆ ತಾಯಿಯ ಬಾಯಿಂದ ಬರುವ ಮಾತನ್ನು ಗಮನಿಸಬೇಕು. ಬೆನ್ನಟ್ಟೆಂದು ಮಗನಿಗೆ ಹೇಳುವಳು; ಮರುಕ್ಷಣವೇ ಬೇಡ, ಆ ಕುಲದವರು ಕೊಲ್ಲುವುದರಲ್ಲಿ ಪಳಗಿದವರೆಂದು ತಡೆಯುವಳು; ಅದರ ಮರುಕ್ಷಣವೇ ಹೋಗು, ನಾನೂ ಬರುವೆನೆಂದು ತಾನೇ ಅಟ್ಟುವಳು. ಬೆಳಗಿನಲ್ಲಿ ದ್ರಾಕ್ಷಿ ಕೊಯ್ಯುವ ಚಾಕುವಿಗೆ ಹೆದರಿದವಳೇ ಸಂಜೆ ಮಗನನ್ನು ಚೂರಿಯ ಎದುರಿಗೆ ಕಳಿಸಿಕೊಡುತ್ತಾಳೆ. ಕುಲದ ಮಾನವೆಂಬುದು ಹೆತ್ತ ಕರುಳಿಗಿಂತ ಮೂರು ಉಸಿರಿನಷ್ಟು ಬಲಶಾಲಿಯಾದುದನ್ನು ಕವಿಯು ಈ ಮೂರು ಮಾತುಗಳಲ್ಲಿ ತೋರಿಸಿಬಿಟ್ಟಿದ್ದಾನೆ. ಇಡೀ ನಾಟಕದಲ್ಲಿ ನಮಗೆ ಅತ್ಯಂತ ಭಯಂಕರವೆನಿಸುವ ಸ್ಥಳವಿದು. ಮುಂದೆ ಬರುವ ಕೊಲೆಗಳಲ್ಲ.

ಕೊಲೆಗಳಾದರೋ ರಂಗದ ಮೇಲೆ ನಡೆಯುವುದೇ ಇಲ್ಲ. ಮೂರನೆಯ ಅಂಕದ ಕಾಡಿನಲ್ಲಿ ಮರ ಕಡಿಯುವವರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಚಂದ್ರನು ಬೆಳ್ಳನೆಯ ಮುಖದ ಹರೆಯದ ಮರಕಡಿಗನಾಗಿ ಬರುತ್ತಾನೆ. ಮೃತ್ಯುವು ಭಿಕ್ಷುಕಿಯ ವೇಷದಲ್ಲಿ ಬಂದು ದಾರಿ ತೋರಿಸುತ್ತದೆ. ಎರಡು ಚೀತ್ಕಾರಗಳು ಕೇಳಿಸುತ್ತವೆ. ಅಷ್ಟೇ. ಸಾವನ್ನು ರಂಗದ ಮೇಲೆ ತೋರಿಸಬಾರದೆಂಬುದು ನಮ್ಮ ಪೂರ್ವಿಕ ಲಾಕ್ಷಣಿಕರ ವಿಧಿಯೂ ಹೌದು, ಗ್ರೀಕರ ರೂಢಿಯೂ ಹೌದು. ಇದನ್ನು ಸ್ಪೇನಿನ ಕವಿಯು ಯಾರಿಂದ ಕಲಿತನೆಂಬ ಚರ್ಚೆ ಪಂಡಿತರಿಗಿರಲಿ. ಕಡೆಯ ದೃಶ್ಯದಲ್ಲಿ ಬಿಳಿಗೋಡೆಯ ಮನೆಯಲ್ಲಿ ಹುಡುಗಿಯರು ಕೆಂಪು ನೂಲಿನ ಉಂಡೆ ಸುತ್ತುತ್ತಿರುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯ ಕಣ್ಣಲ್ಲಿ ನೀರಿಲ್ಲ. ಅಳುತ್ತ ಬಂದ ನೆರೆಯವಳನ್ನು ಸುಮ್ಮನಿರೆಂದು ಗದರುವಳು. ಇನ್ನು ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು, ಕೋವಿಗೂ ಚೂರಿಗೂ ಹೆದರಬೇಕಾದುದಿಲ್ಲ ಎನ್ನುವಳು. ಅಷ್ಟರಲ್ಲಿ ವಧುವು ಬರುತ್ತಾಳೆ. ಅವಳ ಪ್ರಸಂಗಕ್ಕೆ ಆಮೇಲೆ ಬರೋಣ.

ಈ ಕಥೆಯು ಕವಿಯ ಕಲ್ಪನೆಯಿಂದ ಹುಟ್ಟಿದುದಲ್ಲ. ೧೯೨೮ನೆಯ ಇಸವಿ ಜುಲೈ ೨೨ರ ರಾತ್ರಿ ದಕ್ಷಿಣ ಸ್ಪೇನಿನ ಆಲ್ಮೆರಿಯಾ ಪ್ರಾಂತದ ನಿಹಾರ್ ಎಂಬ ಊರಿನ ಬಳಿ, ಪಾದ್ರಿಗಳು ಹಿಂದೆ ಕಟ್ಟಿಸಿದ್ದ ಒಂದು ಹಳೆಯ ಹೊಲಮನೆಯಿಂದ, ಮರುದಿನ ಬೆಳಗಿಗೆ ಮದುವೆಯಾಗಬೇಕಾಗಿದ್ದ ಹುಡುಗಿಯೊಬ್ಬಳು ತನ್ನ ಸೋದರ ಸಂಬಂಧಿಯೊಡನೆ ಹೊರಟುಹೋದಳು. ದಾರಿಯಲ್ಲಿ ಅವರಿಬ್ಬರೂ ಸಿಕ್ಕಿಬಿದ್ದರು. ಆ ತರುಣನು ಗುಂಡಿನೇಟಿಗೆ ಸತ್ತನು. ಕೊಂದವನು ವರನಲ್ಲ, ವರನ ಅಣ್ಣ. ಹುಡುಗಿಯ ಕುತ್ತಿಗೆ ಹಿಸುಕಿದವಳು ಆ ಅಣ್ಣನ ಹೆಂಡತಿ, ಎಂದರೆ ಹುಡುಗಿಯ ಒಡಹುಟ್ಟಿದ ಅಕ್ಕ! ಸತ್ತಳೆಂದು ತಿಳಿದು ಬಿಟ್ಟುಹೋದುದರಿಂದ ಹುಡುಗಿ ಬದುಕಿಕೊಂಡಳು. ಅಪರಾಧಿಗಳಿಬ್ಬರಿಗೂ ಸಜೆಯಾಯಿತು. ಇಷ್ಟಕ್ಕೆಲ್ಲ ಮೂಲವೇನೆಂದು ವಿಚಾರಿಸಿದರೆ ವರದಕ್ಷಿಣೆಯ ಗಂಟು ಕಣ್ಣಿಗೆ ಬೀಳುತ್ತದೆ. ಕಾಲು ಊನವಾಗಿದ್ದ ಮಗಳಿಗೆ ತಂದೆಯು ಉಳಿದವರಿಗಿಂತ ಹೆಚ್ಚಿನ ಧನವನ್ನು ಮೀಸಲಿಟ್ಟಿದ್ದನು. ಅದು ಮನೆಯಿಂದಾಚೆಗೆ ಹೋಗಬಾರದೆಂದು ಅಕ್ಕನೂ ಅವಳ ಗಂಡನೂ ಕೂಡಿ ಈ ಸಂಬಂಧವನ್ನು ಕುದುರಿಸಿದರೆಂದು ಹೇಳುತ್ತಾರೆ. ಪತ್ರಿಕೆಗಳಲ್ಲಿ ಈ ವಾರ್ತೆ ಬಂದಿತು. ಲೋರ್ಕಾ ಅದನ್ನೋದಿ ಮನಸ್ಸಿನಲ್ಲಿಟ್ಟುಕೊಂಡು, ನಾಲ್ಕು ವರ್ಷಗಳಾದ ಮೇಲೆ, ೧೯೩೨ರ ಬೇಸಗೆಯಲ್ಲಿ ನಾಟಕವನ್ನು ಬರೆದನು. ಆತನಿಗಿಂತ ಮುಂಚೆ ಕಾರ್ಮೆನ್ ದೆ ಬುರ್ಗೋಸ್ ಎಂಬ ಲೇಖಕಿಯು ಇದೇ ಸಂಗತಿಯನ್ನು ೧೯೩೧ರಲ್ಲಿ ಒಂದು ಕಿರುಕಾದಂಬರಿಯನ್ನಾಗಿ ಮಾಡಿದ್ದಳು. ಆಕೆ ನಿಹಾರ್ ಸೀಮೆಯಲ್ಲಿಯೇ ಬಾಲ್ಯವನ್ನು ಕಳೆದವಳು. ಆ ಹೊಲಮನೆಯಂತೂ ಪಾಳುಬಿದ್ದಿತು. ೧೯೬೬ರ ಒಂದು ಹೆಸರಾಂತ ಕೌಬಾಯ್ ಚಲಚ್ಚಿತ್ರದ ದೃಶ್ಯಗಳನ್ನು ಅಲ್ಲಿ ತೆಗೆದರೆಂಬುದು ಕಾಲದ ವಿನೋದ.

ಈಗ ನಡೆದುದನ್ನೂ ಬರೆದುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಡೆದುದರಲ್ಲಿ ಹಣದಾಸೆ ಇತ್ತು. ಬರೆದುದರಲ್ಲಿ ಹಣದ ಮಾತು ಹಿರಿಯರ ನಾಲಗೆಯ ಮೇಲೆ ಸುಳಿದುಹೋಗುತ್ತದೆಯೇ ಹೊರತು ಕೊಲೆಗೆ ಕಾರಣವಾಗುವುದಿಲ್ಲ. ನಡೆದುದರಲ್ಲಿ ವರನು ಕೈಯೆತ್ತಿದವನಲ್ಲ. ಬರೆದುದರಲ್ಲಿ ಅವನೇ ಬೆನ್ನಟ್ಟಿ ಹೋಗಿ ಕೊಂದು ಸಾಯುತ್ತಾನೆ. ನಡೆದುದರಲ್ಲಿ ಒಡಹುಟ್ಟಿದವಳು ಕುತ್ತಿಗೆ ಹಿಸುಕಿದಳು. ಬರೆದುದರಲ್ಲಿ ಅಕ್ಕನೇ ಇಲ್ಲ. ಅವಳಿರಬೇಕಾದ ಸ್ಥಳದಲ್ಲಿ ಚಂದ್ರನು ಬಂದು ನಿಂತಿದ್ದಾನೆ. ಕವಿಯು ಲೆಕ್ಕದ ಪುಸ್ತಕವನ್ನು ಮಡಚಿಟ್ಟು ವಿಧಿಯ ಪುಸ್ತಕವನ್ನು ಬಿಚ್ಚಿದನೆನ್ನಬಹುದು. ಕಾವ್ಯದೃಷ್ಟಿಯಿಂದ ಇದು ದೊಡ್ಡ ಗೆಲವೆಂಬುದರಲ್ಲಿ ಸಂದೇಹವಿಲ್ಲ. ದುಷ್ಟಪಾತ್ರವೊಂದೂ ಇಲ್ಲದೆ ಇಂಥ ಘೋರವನ್ನು ನಡೆಸಿ ತೋರಿಸುವುದು ಸಾಮಾನ್ಯರಿಗೆ ಸಾಧ್ಯವಾದುದಲ್ಲ. ಆದರೂ ನಮ್ಮ ಮನಸ್ಸಿನಲ್ಲೊಂದು ಶಂಕೆ ಉಳಿಯುತ್ತದೆ. ವಿಧಿಯೇ ಕೊಂದುದಾದರೆ ಪ್ರೇಕ್ಷಕನು ಧಾರಾಳವಾಗಿ ಅಳಬಹುದು. ವರದಕ್ಷಿಣೆಗಾಗಿ ಅಕ್ಕನೇ ತಂಗಿಯ ಕುತ್ತಿಗೆಗೆ ಕೈಹಾಕಿದಳೆಂದರೆ ಅಳುವುದಕ್ಕೆ ಮುಂಚೆ ತನ್ನ ಮನೆಯ ಪೆಟ್ಟಿಗೆಯ ಕಡೆಗೊಮ್ಮೆ ನೋಡಿಕೊಳ್ಳಬೇಕಾಗುವುದು. ಕವಿಯು ಪ್ರೇಕ್ಷಕರ ಕಣ್ಣೀರಿಗೆ ದಾರಿಯನ್ನು ತುಸು ಸುಗಮಗೊಳಿಸಿಕೊಟ್ಟನೇನೋ!

ಮಾಡ್ರಿಡ್ಡಿನ ಜನ ಅತ್ತರು, ಮೆಚ್ಚಿದರು, ಕವಿಯನ್ನು ರಂಗಕ್ಕೆ ಕರೆದರು. ಹದಿಮೂರು ವರ್ಷಗಳ ಹಿಂದೆ, ೧೯೨೦ರಲ್ಲಿ, ಇದೇ ನಗರದವರು ಆತನ ಮೊದಲ ನಾಟಕವನ್ನು ಗೇಲಿ ಮಾಡಿ ಹೊರಹಾಕಿದ್ದರು. ಅದರಲ್ಲಿ ಜಿರಲೆಗಳೂ ಒಂದು ಚಿಟ್ಟೆಯೂ ಪಾತ್ರಗಳಾಗಿದ್ದವು. ನಾಗರಿಕರಿಗೆ ಅದು ರುಚಿಸಲಿಲ್ಲ. ಈ ಸಲ ಆತನು ತಾನೇ ನಿಂತು ನಟರಿಗೆ ಪಾಠ ಹೇಳಿಸಿದ್ದನು. ಸಂಗೀತ ಬಲ್ಲವನಾದುದರಿಂದ ಒಂದೊಂದು ಮಾತಿನ ಏರಿಳಿತವನ್ನೂ ತಾಳ ಹಿಡಿದವನಂತೆ ತಿದ್ದಿದ್ದನು. ಸಮುದ್ರದಾಚೆಯ ಬ್ಯೂನೋಸ್ ಐರಿಸ್ ನಗರದಲ್ಲಂತೂ ಅದೇ ೧೯೩೩ರಲ್ಲಿ ಲೋಲಾ ಮೆಂಬ್ರಿವೆಸ್ ಎಂಬ ಪ್ರಖ್ಯಾತ ನಟಿಯು ಇದನ್ನು ಆಡಿದಾಗ ಜನ ಮುಗಿಬಿದ್ದು ಬಂದರು. ಅಕ್ಟೋಬರಿನಲ್ಲಿ ಕವಿಯೇ ಅಲ್ಲಿಗೆ ಹೋದನು; ನೂರಕ್ಕೂ ಮಿಕ್ಕಿದ ಪ್ರಯೋಗಗಳಾದವು. ಅಲ್ಲಿಯವರೆಗೆ ತಂದೆಯ ಹಣದಿಂದ ಬಾಳುತ್ತಿದ್ದ ಕವಿಯು ತನ್ನ ಬರವಣಿಗೆಯಿಂದಲೇ ಜೀವಿಸಬಲ್ಲವನಾದುದು ಇದರಿಂದ. ಆ ಪ್ರೇಕ್ಷಕರಲ್ಲಿ ಅನೇಕರು ಸ್ಪೇನಿನ ಹಳ್ಳಿಗಳನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದವರು, ಇಲ್ಲವೆ ಅಂಥವರ ಮಕ್ಕಳು. ಬಿಳಿಗೋಡೆಯ ಮನೆ, ಬಾಗಿಲಲ್ಲಿ ಕುಳಿತ ಕರಿಯ ಉಡುಪಿನ ಮುದುಕಿ, ಜೋಗುಳದ ಧಾಟಿ ಅವರು ಬಿಟ್ಟುಬಂದವುಗಳೇ. ಅವರು ವಧುವಿಗಾಗಿ ಎಷ್ಟು ಅತ್ತರೋ ತಮ್ಮ ಊರಿಗಾಗಿ ಎಷ್ಟು ಅತ್ತರೋ ಬೇರ್ಪಡಿಸಿ ಹೇಳುವವರಾರು?

ಇನ್ನು ನಕ್ಕವರ ವಿಷಯ. ೧೯೩೫ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಇದರ ಇಂಗ್ಲಿಷ್ ಭಾಷಾಂತರವು ‘ಕಹಿ ಕಣಗಿಲೆ’ ಎಂಬರ್ಥದ ಹೆಸರಿನಿಂದ ಪ್ರಯೋಗವಾಯಿತು. ಅಲ್ಲಿಯ ಪತ್ರಿಕಾ ವಿಮರ್ಶಕರು ಅದನ್ನು ಹಾಸ್ಯಕ್ಕೆ ಗುರಿಮಾಡಿದರು. ಒಕ್ಕಲು ಜನ ಹೂವು, ನೀರು, ಮುಳ್ಳು ಎಂದು ಮಾತುಮಾತಿಗೂ ಉಪಮೆಗಳನ್ನು ಸುರಿಯುವುದು ಅವರಿಗೆ ವಿಚಿತ್ರವಾಗಿ ಕಂಡಿತು. ಕೆಲವೇ ವಾರಗಳಲ್ಲಿ ಆಟ ನಿಂತಿತು. ನ್ಯೂಯಾರ್ಕಿನವರು ಕಲ್ಲೆದೆಯವರೆಂದು ನಾವು ಹೇಳುವುದಿಲ್ಲ. ಅವರ ಊರಿನಲ್ಲಿಯೂ ಮದುವೆಗಳು ಮುರಿಯುತ್ತವೆ, ತಾಯಂದಿರು ಅಳುತ್ತಾರೆ. ದೋಷವಿದ್ದುದು ಬೇರೆಡೆಯಲ್ಲಿ. ಆಂಡಲೂಸಿಯಾದ ಹಳ್ಳಿಗನು ಉಪಮೆಯಿಲ್ಲದೆ ಮಾತಾಡಲಾರನು, ನಮ್ಮ ಬಯಲುಸೀಮೆಯ ಒಕ್ಕಲಗಿತ್ತಿಯು ಗಾದೆಯಿಲ್ಲದೆ ಮಾತಾಡಲಾರದ ಹಾಗೆ. ಅವನಿಗೆ ಅದು ಅಲಂಕಾರವಲ್ಲ, ಉಪ್ಪು. ಅದೇ ಮಾತನ್ನು ಶಬ್ದಕ್ಕೆ ಶಬ್ದವಿಟ್ಟು ಪಟ್ಟಣದ ಭಾಷೆಗೆ ತಿರುಗಿಸಿದಾಗ ಉಪ್ಪು ಹೋಗಿ ಬಣ್ಣ ಮಾತ್ರ ಉಳಿಯುವುದು. ಹೆರವರ ದುಃಖಕ್ಕೆ ನಾವು ಅಳಬೇಕಾದರೆ ಅವರ ದುಃಖವು ನಮ್ಮ ನುಡಿಯಲ್ಲಿ ಮತ್ತೊಮ್ಮೆ ಹುಟ್ಟಬೇಕು. ಹೊತ್ತು ತಂದು ಇಳಿಸಿದರೆ ಸಾಲದು. ಕನ್ನಡಕ್ಕೆ ಪರಭಾಷೆಯ ನಾಟಕಗಳನ್ನು ತರುವ ಮಹನೀಯರು ಈ ನ್ಯೂಯಾರ್ಕಿನ ನಗೆಯನ್ನು ನೆನಪಿನಲ್ಲಿಟ್ಟರೆ ಒಳಿತು. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಸೊಫೊಕ್ಲೀಸನ ಏಜಾಕ್ಸನನ್ನು ‘ಅಶ್ವತ್ಥಾಮನ್’ ಆಗಿಸಿ, ಗ್ರೀಕರ ರುದ್ರನಾಟಕವನ್ನು ನಮ್ಮ ಮಹಾಭಾರತದ ನೆಲದಲ್ಲಿಯೇ ನಾಟಿದರು. ಅವರು ಆ ಕಷ್ಟವನ್ನು ವಹಿಸಿದ್ದು ಸುಮ್ಮನೆ ಅಲ್ಲ.

ದುಃಖವನ್ನು ಕಾಸು ಕೊಟ್ಟು ನೋಡಹೋಗುವುದೇಕೆಂಬ ಪ್ರಶ್ನೆಗೆ ನಮ್ಮ ಅಲಂಕಾರಿಕರು ಉತ್ತರ ಕೊಟ್ಟಿದ್ದಾರೆ. ಲೋಕದ ಶೋಕ ಬೇರೆ, ರಂಗದ ಕರುಣ ಬೇರೆ. ತನ್ನದು ಪರರದು ಎಂಬ ಕಟ್ಟು ಸಡಿಲಿದಾಗ ಶೋಕವೂ ಆಸ್ವಾದ್ಯವಾಗುವುದು. ಭವಭೂತಿಯಂತೂ ರಸಗಳೆಲ್ಲಕ್ಕೂ ಕರುಣವೇ ಮೂಲವೆಂದನು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಟ್ಟು ಸಡಿಲಿದವನು ನಾಟಕಶಾಲೆಯಿಂದ ಹೊರಬಂದ ಕೂಡಲೆ ಅದನ್ನು ಮತ್ತೆ ಬಿಗಿದುಕೊಳ್ಳುವನಷ್ಟೆ? ನಮ್ಮ ಜನಪದರ ‘ಕೆರೆಗೆ ಹಾರ’ದ ಕಥನಗೀತೆಯನ್ನು ನೋಡಿರಿ. ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡುತ್ತಾರೆ. ಸುದ್ದಿ ಕೇಳಿ ಬಂದ ಗಂಡನು ಅದೇ ಕೆರೆಗೆ ಹಾರುತ್ತಾನೆ. ತಲೆತಲಾಂತರದಿಂದ ಹೆಣ್ಣುಮಕ್ಕಳು ಇದನ್ನು ಹಾಡಿಕೊಂಡು ಸೆರಗಿನಲ್ಲಿ ಕಣ್ಣೊರಸಿಕೊಂಡಿದ್ದಾರೆ. ಹಾಡು ಕೇಳಿದ ಮಾವಂದಿರೂ ಕಣ್ಣೊರಸಿಕೊಂಡಿರಬೇಕು. ಮರುದಿನ ಬೆಳಿಗ್ಗೆ ಆ ಮನೆಗಳಲ್ಲಿ ಕಿರಿಯ ಸೊಸೆಗೆ ಬರುವ ಪಾಲಿನಲ್ಲಿ ಏನಾದರೂ ವ್ಯತ್ಯಾಸವಾಯಿತೆ?

ಲೋರ್ಕಾನಿಗೆ ಈ ವಿಷಯದಲ್ಲಿ ನಂಬಿಕೆಯಿತ್ತು. ೧೯೩೫ರಲ್ಲಿ ಮಾಡ್ರಿಡ್ಡಿನಲ್ಲಿ ನಟರ ಎದುರಿಗೆ ಮಾಡಿದ ಭಾಷಣದಲ್ಲಿ ಆತನು ನಾಟಕವನ್ನು ಅಳುವುದಕ್ಕೂ ನಗುವುದಕ್ಕೂ ಇರುವ ಪಾಠಶಾಲೆಯೆಂಬ ಅರ್ಥದಲ್ಲಿ ಬಣ್ಣಿಸಿದನು. ತನ್ನ ನಾಟಕವನ್ನು ಪೋಷಿಸದ ಜನಾಂಗವು ಸತ್ತಿರಬೇಕು, ಇಲ್ಲವೆ ಸಾಯುತ್ತಿರಬೇಕೆಂದನು. ಬಾಯಿಮಾತಿಗೆ ಹೇಳಿದವನಲ್ಲ. ಹೊಸ ಗಣರಾಜ್ಯ ಸರಕಾರದ ನೆರವಿನಿಂದ ೧೯೩೨ರ ಬೇಸಗೆಯಿಂದ ವಿದ್ಯಾರ್ಥಿಗಳ ಒಂದು ತಂಡವನ್ನು ಕಟ್ಟಿಕೊಂಡು, ‘ಲಾ ಬರಾಕಾ’ ಎಂಬ ಹೆಸರಿನಲ್ಲಿ, ಹಳೆಯ ಸ್ಪ್ಯಾನಿಷ್ ನಾಟಕಗಳನ್ನು ಲಾರಿಗಳಲ್ಲಿ ಹೇರಿಕೊಂಡು ಹಳ್ಳಿಹಳ್ಳಿಗೆ ಹೋದನು. ತಂಡದ ಹುಡುಗರು ಕೂಲಿಕಾರರ ನೀಲಿ ಉಡುಪು ಧರಿಸುತ್ತಿದ್ದರು. ಊರ ಚೌಕದಲ್ಲಿ ಹಲಗೆ ಜೋಡಿಸಿ ರಂಗ ಕಟ್ಟಿ, ಅಕ್ಷರ ಬಾರದ ಒಕ್ಕಲಿಗರ ಮುಂದೆ ಆಡಿ ತೋರಿಸಿದರು. ಅವನ ಗೆಳೆಯರಲ್ಲಿ ಕೆಲವರಿಗೆ ಇದು ಕವಿಯು ಕಾಲ ಕಳೆಯುವ ರೀತಿಯಾಗಿ ಕಂಡಿರಬಹುದು. ಅವನ ಶತ್ರುಗಳು ಮಾತ್ರ ಇದನ್ನು ಆಟವೆಂದು ಭಾವಿಸಲಿಲ್ಲ.

೧೯೩೬ನೆಯ ಇಸವಿ ಆಗಸ್ಟಿನಲ್ಲಿ, ದಂಗೆಯೆದ್ದ ಸೇನಾಪಕ್ಷದವರು ಆತನನ್ನು ಅವನ ಸ್ವಂತ ಊರಾದ ಗ್ರನಾಡದಲ್ಲಿ ಹಿಡಿದು, ಊರಾಚೆಯ ಬೆಟ್ಟದ ದಾರಿಯಲ್ಲಿ ಗುಂಡಿಕ್ಕಿ ಕೊಂದರು. ಆತನಿಗೆ ಮೂವತ್ತೆಂಟು ವರ್ಷ. ಶವವು ಇಂದಿಗೂ ಸಿಕ್ಕಿಲ್ಲ. ಕೊಂದವರ ಪಕ್ಷವು ರಾಷ್ಟ್ರೀಯ ಪಕ್ಷವೆಂದು ತನ್ನನ್ನು ಕರೆದುಕೊಳ್ಳುತ್ತಿತ್ತು. ಈ ಪುಟದ ವಾಚಕರಿಗೆ ಆ ಶಬ್ದವು ಪ್ರಿಯವಾದುದು, ಪೂಜ್ಯವಾದುದು. ಆದುದರಿಂದಲೇ ಈ ಸಂಗತಿಯನ್ನು ಮುಚ್ಚಿಡಲು ನಮಗೆ ಮನಸ್ಸಾಗದು. ನಮ್ಮ ರಾಷ್ಟ್ರೀಯ ಚಳವಳಿಯು ಆಗ ಯಾರ ಕಡೆಗೆ ನಿಂತಿತೆಂಬುದೂ ಸ್ಮರಣೀಯವಾಗಿದೆ. ೧೯೩೮ರ ಜೂನ್ ತಿಂಗಳಲ್ಲಿ ಜವಾಹರಲಾಲ ನೆಹರೂ ಅವರು ಕೃಷ್ಣ ಮೆನನ್‌ರೊಡನೆ ಬಾಂಬುಗಳು ಬೀಳುತ್ತಿದ್ದ ಬಾರ್ಸೆಲೋನಾ ನಗರಕ್ಕೆ ಹೋಗಿ ಗಣರಾಜ್ಯದವರಿಗೆ ಭಾರತದ ಸಹಾನುಭೂತಿಯನ್ನು ತಿಳಿಸಿಬಂದರು. ಅದೇ ವರ್ಷ ಸಮುದ್ರದಾಚೆಯ ಅರ್ಜೆಂಟೀನಾದಲ್ಲಿ ಮಾರ್ಗರಿತಾ ಶಿರ್ಗು ಎಂಬ ಮಹಾನಟಿಯು ‘ರಕ್ತವಿವಾಹ’ದ ಚಲಚ್ಚಿತ್ರದಲ್ಲಿ ತಾಯಿಯ ಪಾತ್ರವನ್ನು ವಹಿಸಿದಳು. ಆಕೆಗೆ ಮತ್ತೆ ಸ್ವದೇಶವನ್ನು ಕಾಣುವ ಯೋಗ ಬರಲಿಲ್ಲ. ಶವವೂ ಇಲ್ಲದ ಸಾವಿಗಾಗಿ ಅಳುವ ತಾಯಿಯ ಮಾತುಗಳನ್ನು ಆ ವರ್ಷ ಕೇಳಿದವರು ನಾಟಕದೊಳಗಿನ ಮಗನಿಗೆ ಮಾತ್ರ ಅತ್ತಿರಲಾರರು. ಸ್ಪೇನಿನೊಳಗಾದರೋ ಆ ಮಾತುಗಳು ರಂಗದ ಮೇಲೆ ಮತ್ತೆ ಕೇಳಬೇಕಾದರೆ ೧೯೬೦ರ ದಶಕದವರೆಗೆ ಕಾಯಬೇಕಾಯಿತು.

ದೂರದೇಶದ ಈ ಮಾತನ್ನು ಇಷ್ಟು ವಿಸ್ತರಿಸಿದುದಕ್ಕೆ ನಮ್ಮ ಮನೆಬಾಗಿಲಿನ ಒಂದು ಸಂಗತಿಯೇ ಕಾರಣ. ೧೯೬೦ರ ಸ್ಪೇನಿಗಿಂತ ಈಚೆಗೆ, ೨೦೧೬ರಲ್ಲಿ, ‘ಸೈರಾಟ್’ ಎಂಬ ಮರಾಠಿ ಚಲಚ್ಚಿತ್ರವು ಬಂದಿತು. ಮರುವರ್ಷವೇ ಅದು ‘ಮನಸು ಮಲ್ಲಿಗೆ’ಯೆಂದು ಕನ್ನಡಕ್ಕೂ ಬಂದಿತು. ಮೇಲುಜಾತಿಯ ಹುಡುಗಿ, ಕೀಳೆನಿಸಿಕೊಂಡ ಜಾತಿಯ ಹುಡುಗ. ಓಡಿಹೋಗಿ ಸಂಸಾರ ಹೂಡಿದ ಇಬ್ಬರನ್ನೂ ಹುಡುಗಿಯ ಕಡೆಯವರು ಹುಡುಕಿಕೊಂಡು ಬಂದು ಕೊಲ್ಲುತ್ತಾರೆ. ಮರಾಠಿ ಚಿತ್ರದ ಹಾಡುಗಳಿಗೆ ಜನ ಚಿತ್ರಮಂದಿರದ ಕುರ್ಚಿಗಳ ನಡುವೆಯೇ ಎದ್ದು ಕುಣಿದರು; ಕಡೆಯಲ್ಲಿ ರಕ್ತದಲ್ಲಿ ಕಾಲಿಟ್ಟ ಮಗುವಿನ ಹೆಜ್ಜೆಗಳನ್ನು ಕಂಡು ಮಾತಿಲ್ಲದೆ ಎದ್ದುಹೋದರು. ಇಲ್ಲಿ ಚಂದ್ರನಿಲ್ಲ, ಭಿಕ್ಷುಕಿಯಿಲ್ಲ. ಕೊಲ್ಲಲು ಬಂದವರು ಉಡುಗೊರೆಗಳನ್ನು ಹಿಡಿದು ಬಂದ ತವರುಮನೆಯ ನೆಂಟರು. ಲೋರ್ಕಾ ಬಿಟ್ಟುಬಿಟ್ಟ ಅಕ್ಕನನ್ನು ನಮ್ಮ ಕಾಲದ ಚಿತ್ರಗಾರನು ಬಾಗಿಲೊಳಕ್ಕೇ ಕರೆತಂದನೆನ್ನಬೇಕು. ಎರಡು ವರ್ಷಗಳ ತರುವಾಯ, ೨೦೧೮ರ ಮಾರ್ಚ್ ೨೭ರಂದು, ಮರ್ಯಾದೆಯ ಹೆಸರಿನಲ್ಲಿ ನಡೆಯುವ ಇಂಥ ಕೊಲೆಗಳನ್ನು ತಡೆಯುವುದಕ್ಕಾಗಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಸರಕಾರಗಳಿಗೆ ಸವಿಸ್ತಾರವಾದ ಆದೇಶಗಳನ್ನು ಕೊಡಬೇಕಾಯಿತು. ಚಿತ್ರವನ್ನು ನೋಡಿ ಅತ್ತವರು ಸಾವಿರಾರು. ಅವರಲ್ಲಿ ತಮ್ಮ ಮನೆಯ ಹುಡುಗಿಯ ವಿಷಯದಲ್ಲಿ ಕಟ್ಟನ್ನು ಸಡಿಲಿಸಿದವರೆಷ್ಟು ಮಂದಿ? ಕಣ್ಣೀರಿನ ಮೇಲೆ ನಾವು ಹೊರೆ ಹೆಚ್ಚು ಹೊರಿಸುತ್ತಿದ್ದೇವೆಂದು ಯಾರಾದರೂ ಆಕ್ಷೇಪಿಸಬಹುದು. ಇರಬಹುದು. ಆದರೆ ಹೊರಬಾರದ್ದಾದರೆ ಆ ಕಣ್ಣೀರಿಗೆ ಅಷ್ಟು ದೊಡ್ಡ ಹೆಸರುಗಳನ್ನು ಕೊಟ್ಟವರು ಯಾರು?

ಕವಿಯ ಮೇಲೆ ಹೊರಿಸಿದ ಶಂಕೆಯನ್ನು ಈಗ ತುಸು ಇಳಿಸಬೇಕಾಗಿದೆ. ಹಿಂದೆ ನಿಲ್ಲಿಸಿ ಬಂದ ಕಡೆಯ ದೃಶ್ಯಕ್ಕೆ ಮರಳೋಣ. ವಧುವು ತಾನಾಗಿಯೇ ಆ ತಾಯಿಯ ಮನೆಗೆ ಬಂದಿದ್ದಾಳೆ. ಕೊಲ್ಲಿಸಿಕೊಳ್ಳುವುದಕ್ಕೆಂದೇ ಬಂದಿದ್ದಾಳೆ. ತಾಯಿ ಹೊಡೆಯುತ್ತಾಳೆ. ತಾನು ಕೆಡದೆ ಬಂದವಳೆಂದು ವಧುವು ಹೇಳುತ್ತಾಳೆ. ನಿಮ್ಮ ಮಗನನ್ನು ನಾನು ಬಯಸಿದ್ದೆ, ಆದರೆ ಆ ಇನ್ನೊಬ್ಬನ ಸೆಳೆತವು ನನ್ನನ್ನು ಎಳೆದೊಯ್ದಿತು, ನೀವಾಗಿದ್ದರೂ ಹೋಗುತ್ತಿದ್ದಿರಿ ಎನ್ನುತ್ತಾಳೆ. ನಿನ್ನ ಶೀಲವನ್ನು ಕಟ್ಟಿಕೊಂಡು ನನಗೇನಾಗಬೇಕೆಂದು ತಾಯಿ ಕೇಳುತ್ತಾಳೆ. ಎಂಥ ಪ್ರಶ್ನೆ! ಇಡೀ ಊರು ಯಾವುದಕ್ಕಾಗಿ ಕುದುರೆ ಏರಿ ಕಾಡಿಗೆ ಹೋಯಿತೋ ಆ ಮಾನವು, ಹೆಣಗಳು ಮನೆಗೆ ಬಂದ ಮೇಲೆ, ಅದರ ವಾರಸುದಾರಳಿಗೇ ಬೇಡವಾಗಿಬಿಟ್ಟಿತು. ಆಮೇಲೆ ವಧುವು ತನಗೂ ಅಳಲು ಅಪ್ಪಣೆ ಬೇಡುತ್ತಾಳೆ. ಅಳು, ಆದರೆ ಬಾಗಿಲಲ್ಲಿ ನಿಂತು ಅಳು ಎನ್ನುತ್ತಾಳೆ ತಾಯಿ. ಒಳಗೆ ಕರೆಯಲಿಲ್ಲ, ಕ್ಷಮಿಸಲಿಲ್ಲ, ಹೊರಗೂ ಅಟ್ಟಲಿಲ್ಲ. ಗಂಡನನ್ನು ಕಳೆದುಕೊಂಡ ಲೆಯೊನಾರ್ದೊನ ಹೆಂಡತಿಯೂ ಬರುತ್ತಾಳೆ. ಒಬ್ಬರಿಂದೊಬ್ಬರು ಕೆಟ್ಟ ಮೂವರು ಹೆಂಗಸರು ಒಂದೇ ಮನೆಯಲ್ಲಿ, ಒಂದೇ ಚೂರಿಯ ಮಾತಾಡುತ್ತ ಅಳುವಾಗ ತೆರೆ ಬೀಳುತ್ತದೆ. ವರದಕ್ಷಿಣೆಯ ಲೆಕ್ಕವನ್ನು ಬಿಟ್ಟುದಕ್ಕೆ ಬದಲಾಗಿ ಕವಿಯು ಹೊಸ್ತಿಲಿನ ಈ ಒಂದು ಗೇಣು ಜಾಗವನ್ನು ಕೊಟ್ಟನು. ಅತ್ತವರಲ್ಲಿ ಕೆಲವರಾದರೂ ಈ ಜಾಗಕ್ಕಾಗಿ ಅತ್ತಿದ್ದರೆ ಆ ಕಣ್ಣೀರು ವ್ಯರ್ಥವಲ್ಲ.

ನಿಹಾರಿನ ಹುಡುಗಿಗೆ ಆ ಒಂದು ಗೇಣು ಜಾಗವೂ ಸಿಗಲಿಲ್ಲ. ಆಕೆ ಮುಂದೆ ಮದುವೆಯಾಗಲಿಲ್ಲ. ಅದೇ ಸೀಮೆಯ ಒಂದು ಹೊಲಮನೆಯಲ್ಲಿ, ಊರವರಿಂದಲೂ ಪತ್ರಿಕೆಯವರಿಂದಲೂ ಮುಖ ಮರೆಸಿಕೊಂಡು, ಸುಮಾರು ಅರುವತ್ತು ವರ್ಷ ಬಾಳಿದಳು. ಅಷ್ಟರಲ್ಲಿ ಆಕೆಯ ಕಥೆಯನ್ನು ಬರೆದವನು ಸತ್ತನು. ಅವನನ್ನು ಕೊಂದವರ ಪ್ರಭುತ್ವ ಬಂದು, ೧೯೭೫ರಲ್ಲಿ ಫ್ರಾಂಕೋನ ಸಾವಿನೊಡನೆ ಮುಗಿಯಿತು. ಆಂತೋನಿಯೊ ಗಾದೆಸ್ ಎಂಬ ನರ್ತಕನು ಆ ಕಥೆಯನ್ನು ನೃತ್ಯವನ್ನಾಗಿ ಮಾಡಿದನು. ೧೯೮೧ರಲ್ಲಿ ಕಾರ್ಲೋಸ್ ಸೌರಾ ಆ ನೃತ್ಯವನ್ನು ಚಲಚ್ಚಿತ್ರವನ್ನಾಗಿಸಿ ಲೋಕಕ್ಕೆಲ್ಲ ತೋರಿಸಿದನು. ಖಂಡಖಂಡಾಂತರಗಳಲ್ಲಿ ಪ್ರೇಕ್ಷಕರು ಆ ವಧುವಿಗಾಗಿ ಕಣ್ಣೊರಸಿಕೊಂಡರು. ೧೯೮೭ರಲ್ಲಿ ಆಕೆ ತೀರಿಕೊಂಡಳು. ಅಲ್ಲಿಯವರೆಗೂ ಆಕೆಯ ಮನೆಯಲ್ಲಿ ಆ ರಾತ್ರಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.